ಮಿಸ್ಕಿಯ ಸೂಜಿಗೆ ಕೊಸರಿಲ್ಲ

ಕೊಚಬಾಂಬಾ ನಗರದ ಸಂತೆಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ನೇರಳೆ ಜೋಳದ ಗಂಜಿ ಕುದಿಯುವ ಹಂಡೆಗಳ ಹಬೆ ಆಲೂಗಡ್ಡೆ ಸಾಲಿನ ತನಕ ತೇಲಿಬಂದು, ಮೂಟೆ ಯಾವುದು, ಮುಸುಕು ಹೊದ್ದು ಕೂತ ಹೆಂಗಸು ಯಾರು ಅಂತ ಗೊತ್ತಾಗದ ಹಾಗೆ ಮಾಡಿದೆ. ಆ ಹಬೆಯೊಳಗೆಲ್ಲೋ ಒಂದು ಪೊರಕೆ ಸದ್ದು ಮಾಡುತ್ತದೆ, ನಿಲ್ಲುತ್ತದೆ. ಕಸ ಗುಡಿಸುವ ದೊನ್ಯಾ ಸೆವೆರಿನಾ ತೊರ್ರಿಕೊ ಪೊರಕೆಯನ್ನು ಗೋಡೆಗೊರಗಿಸಿ, ಕಡಲೆಕಾಯಿ ಮೂಟೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಮೂಟೆಯ ಮೇಲೆ ಹಳದಿ ಬೆಕ್ಕೊಂದು ಲೋಕದ ಗೊಡವೆಯೇ ಇಲ್ಲದೆ ಮಲಗಿದೆ.

"ಏಳಪ್ಪಾ ದೊರೆ, ಕಿವಿ ಕೊಡು."

ಕಿವಿಯ ತುದಿಯನ್ನು ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಚುಚ್ಚಿ, ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಮುಟ್ಟಿಸುತ್ತಾರೆ. ಪುಟ್ಟ ಯಂತ್ರವನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ, ದೂರ ಹಿಡಿಯುತ್ತಾರೆ, ಕೊನೆಗೆ ತಲೆಯಾಡಿಸಿ ಬೇಯಿಸಿದ ಕೋಳಿಯ ಬಟ್ಟಲು ಮುಂದಿಡುತ್ತಾರೆ. "ಮೊದಲು ತಿನ್ಬೇಕು, ಆಮೇಲೆ ಸೂಜಿ. ಖಾಲಿ ಹೊಟ್ಟೇಲಿ ಚುಚ್ಚಿದ್ರೆ ಜೀವಕ್ಕೇ ಕುತ್ತು," ಎನ್ನುತ್ತಾರೆ. ಆದರೆ ಸೂಜಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಎದುರಿನ ಆಲೂಗಡ್ಡೆ ಅಂಗಡಿಯತ್ತ ನೋಡುತ್ತಾ ಕೂರುತ್ತಾರೆ.

ಬೆಕ್ಕಿನ ಹೆಸರು ಮಿಸ್ಕಿ. ಇಲ್ಲಿನವರ ಕೆಚುವಾ ಮಾತಿನಲ್ಲಿ ಸಿಹಿ ಅಂತ. "ಆ ಹೆಸರಿಟ್ಟಿದ್ದೇ ತಪ್ಪಾಯ್ತು ನೋಡಿ! ಇದು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದ್ವು. ಆಗಲೇ ಅಂದೆ, ಇದಕ್ಕೂ ನಮ್ಮನೆಯವರ ಕಾಯಿಲೆ ಬಂತು ಅಂತ." ಸಕ್ಕರೆ ಕಾಯಿಲೆಯ ಗಂಡನಿಗೆ ಆತ ಸಾಯುವ ತನಕ ಇನ್ಸುಲಿನ್ ಕೊಟ್ಟು ಪಳಗಿದ ಕೈ ಇದು. "ಅವರು ದಿನಾ ಅಯ್ಯಯ್ಯೋ ಅಂತ ಬೀದಿಗೆ ಕೇಳೋ ಹಾಗೆ ಕೂಗೋರು. ಈ ದೊರೆ ತುಟಿಪಿಟಕ್ಕೆನ್ನಲ್ಲ."

ಪ್ರಾಣಿಗಳ ಡಾಕ್ಟರು ಹೇಳಿದ ಹಾಗೆ ಬೆಳಗ್ಗೆ ಒಂದು ಸೂಜಿ, ಅಂಗಡಿ ಮುಚ್ಚುವ ಹೊತ್ತಿಗೆ ಇನ್ನೊಂದು. ಔಷಧಿ ಬಾಟಲಿ ಚೀಸ್ ಮಾರುವವರ ಫ್ರಿಜ್ಜಿನಲ್ಲಿ ತಣ್ಣಗಿರುತ್ತದೆ. ಗುಡಿಸುವುದಕ್ಕೆ ಪಾಲಿಕೆ ಸಂಬಳ ಕೊಡುತ್ತದೆ, ಈ ಕೆಲಸಕ್ಕೆ ಯಾರೂ ನೇಮಿಸಿದ್ದಲ್ಲ. ಮೂಟೆಗಳಿಗೆ ಇಲಿ ಬೀಳದಂತೆ ಕಾಯುವ ಬೆಕ್ಕನ್ನು ಯಾರು ಕಾಯುತ್ತಾರೆ ಅಂತ ಸಂತೆಯಲ್ಲಿ ಕೇಳಿದವರೂ ಇಲ್ಲ.

ಒಮ್ಮೆ ಮಾತ್ರ ಸೂಜಿ ಬೇರೆ ಕೈಗೆ ಹೋಯಿತು. ತರಾತಾ ಊರಿನಲ್ಲಿ ತಂಗಿಯ ಮಗನ ಮದುವೆ. ಎದುರಿನ ಆಲೂಗಡ್ಡೆ ಅಂಗಡಿಯ ಕಸಿಲ್ದಾಗೆ ಎಲ್ಲ ಹೇಳಿಕೊಟ್ಟು ಸೆವೆರಿನಾ ಬಸ್ಸು ಹತ್ತಿದರು. ಕೊಸರು ಹಾಕುವುದರಲ್ಲಿ ಕಸಿಲ್ದಾದು ಎತ್ತಿದ ಕೈ. ಇಲ್ಲಿ ಕೊಸರಿಲ್ಲದೆ ವ್ಯಾಪಾರವೇ ಮುಗಿಯುವುದಿಲ್ಲ. ತಕ್ಕಡಿ ಸಮವಾದ ಮೇಲೂ ಗಿರಾಕಿಯ ಚೀಲಕ್ಕೆ ಇನ್ನೆರಡು ಗಡ್ಡೆ ಬೀಳಲೇಬೇಕು. ಸಿರಿಂಜಿನಲ್ಲಿ ಎರಡೇ ಎರಡು ಗೆರೆ ಔಷಧಿ ನೋಡಿ ಆಕೆಗೆ ನಾಚಿಕೆಯಾಯಿತಂತೆ. ಬಡಪಾಯಿ, ಇನ್ನೊಂಚೂರು ಇರಲಿ ಅಂತ ಕೊಸರು ಎಳೆದೇಬಿಟ್ಟಳು.

ಅತಿಯಾದರೆ ಅಮೃತವೂ ವಿಷ. ಮಧ್ಯಾಹ್ನದ ಹೊತ್ತಿಗೆ ಮಿಸ್ಕಿ ಕುಡಿದವರ ಹಾಗೆ ತೂರಾಡಿ ಮೂಟೆಗಳ ಸಂದಿಗೆ ಬಿತ್ತು. ಮದುವೆಮನೆಯ ಬ್ಯಾಂಡಿನ ಗದ್ದಲದಲ್ಲಿ ಸೆವೆರಿನಾ ಫೋನಿಗೆ ಕಿರುಚಿದರು: "ಒಸಡಿಗೆ ಜೇನು ಹಚ್ಚೇ! ಹಚ್ಕೊಂಡೇ ಡಾಕ್ಟರ ಹತ್ರ ಓಡು!" ಬೆನ್ನಿನ ಜೋಳಿಗೆಯಲ್ಲಿ ಬೆಕ್ಕನ್ನು ಕಟ್ಟಿಕೊಂಡು, ಅಂಗಡಿಯನ್ನು ಹಾಗೇ ಬಿಟ್ಟು ಕಸಿಲ್ದಾ ಓಡಿದಳು. ಬೆಕ್ಕು ಬದುಕಿತು. ಅವಳು ಮತ್ತೆ ಸೂಜಿ ಮುಟ್ಟಲಿಲ್ಲ.

ಈಗ ಸೆವೆರಿನಾರ ಕಣ್ಣಿಗೆ ಪೊರೆ ಬಂದಿದೆ. "ಹಬೆ ಇಲ್ದಿದ್ರೂ ನಂಗೆ ಸಂತೆಯೆಲ್ಲಾ ಹಬೆ. ಜನ ತೇಲ್ಕೊಂಡು ಬರ್ತಾರೆ, ತೇಲ್ಕೊಂಡು ಹೋಗ್ತಾರೆ. ಚೆನ್ನಾಗೇ ಇರುತ್ತೆ, ಕನಸಿನ ಹಾಗೆ. ಆದ್ರೆ ಸಿರಿಂಜಿನ ಗೆರೆ ನೆಟ್ಟಗೆ ಕಾಣಲ್ವಲ್ಲ!" ಬರುವ ವಾರ ಆಪರೇಷನ್. ಆಮೇಲೆ ಕೆಲವು ವಾರ ಬಗ್ಗುವ ಹಾಗಿಲ್ಲ. ಮಿಸ್ಕಿ ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಕಸಿಲ್ದಾ ಒಬ್ಬಳನ್ನು ಬಿಟ್ಟು. ಅವಳು ಒಲ್ಲೆ ಅಂದರೆ ಬೆಕ್ಕು ಉಳಿಯುವುದಿಲ್ಲ. ಮೊದಲು ಕೇಳಿದಾಗ ಕಸಿಲ್ದಾ ಒಪ್ಪಿರಲಿಲ್ಲ.

"ನಾನು ಕೊಂದೇಬಿಡ್ತಿದ್ದೆ ಅಕ್ಕಾ. ನನ್ನ ಕೈ ನೆಟ್ಟಗಿಲ್ಲ."

"ಕೈ ನೆಟ್ಟಗೇ ಇದೆ ಕಣೇ, ಧಾರಾಳ ಜಾಸ್ತಿ ಅಷ್ಟೆ. ಅದನ್ನ ಗಿರಾಕಿಗಿಟ್ಕೋ."

ಅಂದಿನಿಂದ ಆಲೂಗಡ್ಡೆಗೆ ನೀರು ಚುಚ್ಚಿಸಿ ಚುಚ್ಚಿಸಿ ಪಾಠ ನಡೆದಿದೆ. ಮೊದಮೊದಲು ಕಸಿಲ್ದಾಳ ಹೆಬ್ಬೆರಳು ತಾನಾಗಿಯೇ ಎರಡು ಗೆರೆ ದಾಟುತ್ತಿತ್ತು. "ಅಯ್ಯೋ, ಜಿಪುಣಿ ಅನ್ನಿಸುತ್ತೆ ಅಕ್ಕಾ!" "ಅನ್ನಿಸ್ಲಿ ಬಿಡು, ಸಾಯಲ್ಲ!" ಎಂಬ ಜಗಳ ಸಾಲಿಗೆಲ್ಲ ಪುಕ್ಕಟೆ ಮನರಂಜನೆ. ಚುಚ್ಚಿಸಿಕೊಂಡ ಗಡ್ಡೆಗಳನ್ನು ಮಾರಲು ಮನಸ್ಸಾಗದೆ ಇಬ್ಬರೇ ಬೇಯಿಸಿಕೊಂಡು ತಿಂದಿದ್ದಾರೆ.

ಇವತ್ತು ಕಸಿಲ್ದಾ ಎದ್ದು ಬರುತ್ತಾಳೆ. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಸಿರಿಂಜನ್ನು ಬೆಳಕಿಗೆ ಹಿಡಿದು, ಸಾಲಿಗೆಲ್ಲ ಕೇಳುವಂತೆ "ಎರಡು!" ಎನ್ನುತ್ತಾಳೆ. ಹೆಬ್ಬೆರಳು ಎರಡನೇ ಗೆರೆಗೇ ನಿಲ್ಲುತ್ತದೆ. ಕತ್ತಿನ ಚರ್ಮ ಎತ್ತಿ ಚುಚ್ಚಿಯೇಬಿಡುತ್ತಾಳೆ. ಮಿಸ್ಕಿ ಬಟ್ಟಲಿನಿಂದ ತಲೆ ಎತ್ತುವುದಿಲ್ಲ. ಕಸಿಲ್ದಾ ಅಳುತ್ತಾ ನಗುತ್ತಾ, "ನೋಡಿದ್ಯಾ ಅಕ್ಕಾ? ಸರಿಯಾಯ್ತಾ?" ಅನ್ನುತ್ತಾಳೆ.

ಅಕ್ಕ ಅಷ್ಟೊತ್ತಿಗಾಗಲೇ ಬೆನ್ನು ಹಾಕಿ ಗುಡಿಸುತ್ತಿದ್ದಾರೆ.

"ನಾನ್ಯಾಕೆ ನೋಡ್ಲಿ? ನಿನ್ನ ಕೈಗೆ ಕೊಟ್ಟಾಯ್ತಲ್ಲ."