ತಿಕೋಟಾದ ಎತ್ತಿನ ಉಸಿರು

“ಮೊದಲ ನೀವ ಮೂಸಿ ನೋಡ್ರಿ ಸಾಹೇಬ್ರ,” ಎಂದು ಗೌರವ್ವ ಕ್ಲೋರೋಫಾರಂ ಸೀಸೆಯನ್ನು ನನ್ನ ಮುಖಕ್ಕೇ ಹಿಡಿದಳು. ಬಿಜಾಪುರದ ದನದ ದವಾಖಾನೆಯಲ್ಲಿ (ಆಸ್ಪತ್ರೆಗೆ ಇಲ್ಲಿ ಹಾಗೆನ್ನುತ್ತಾರೆ) ಅದು ನನ್ನ ಮೊದಲ ವಾರ. ತಿಕೋಟಾದಿಂದ ಅವಳು ತಂದಿದ್ದ ಎತ್ತಿನ ಕೊಂಬಿಗೆ ಕ್ಯಾನ್ಸರ್ ಹತ್ತಿತ್ತು. ಕೊಂಬನ್ನು ಬುಡದಿಂದ ಕತ್ತರಿಸಬೇಕಿತ್ತು.

ಮೈಸೂರಿನಲ್ಲಿ ಈ ಕಾಗದ ಓದುವ ನೀವೆಲ್ಲ ದನವನ್ನು ಡಾಕ್ಟರ ಕೈಗೆ ಒಪ್ಪಿಸಿ ಮರದ ಕೆಳಗೆ ಕೂರುತ್ತೀರಿ. ಇಲ್ಲಿ ಯಾರೂ ಹಗ್ಗ ಬಿಡುವುದಿಲ್ಲ. ಮನೆ ಬಾಡಿಗೆಗೆ ಕೇಳಿದಾಗಲೂ ಹಾಗೇ. ನಾನು ಯಾರ ಪೈಕಿ, ಎಷ್ಟು ದಿನ ಇರುವವನು ಎಂದು ನಾಲ್ಕು ಓಣಿ ವಿಚಾರಿಸಿದ ಮೇಲೇ ಕೋಣೆ ಸಿಕ್ಕಿತು. ಜೋಳದ ರೊಟ್ಟಿಯೇ ಊಟವಾದ ಖಾನಾವಳಿಯಲ್ಲಿ ಅನ್ನ ಕೇಳಿದರೆ, ಜ್ವರ ಬಂದಿದೆಯೇ ಎಂದು ನೋಡಿದರು.

“ನಿನ್ನಿಯಿಂದ ಮೇವು ಹಾಕಬ್ಯಾಡ ಅಂದ್ರಿ. ಈಗ ವಿಷ ಮೂಸಸ್ತೀರಿ. ಎತ್ತು ಸತ್ತರ ಯಾರನ್ನ ಕೇಳಬೇಕ್ರಿ?” ಎಂದಳು ಗೌರವ್ವ.

ಹೊಟ್ಟೆ ತುಂಬಿದ್ದರೆ ಮೇವು ಗಂಟಲಿಗೆ ಬಂದು ಉಸಿರು ಕಟ್ಟುತ್ತದೆ ಎಂದೆ. ಅವಳು ನಂಬಲಿಲ್ಲ. ಎತ್ತನ್ನು ಕೆಡವಿ, ಬಾಯಿ ಇಳಿಜಾರಾಗುವಂತೆ ಕತ್ತಿನಡಿ ಹುಲ್ಲು ಒತ್ತಿದೆವು. ಸ್ಪಂಜು ಇಟ್ಟ ಕ್ಯಾನ್ವಾಸ್ ಚೀಲವನ್ನು ಮೂತಿಗೆ ಕಟ್ಟಿದೆವು. ಗೌರವ್ವ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಉಸಿರು ತಾಗುವಂತೆ ಚೀಲದ ಬಾಯಿಗೆ ಅಂಗೈ ಹಿಡಿದಳು.

ಔಷಧ ಹನಿಸುತ್ತಿದ್ದವರು ಕಂಪೌಂಡರ್ ಹುಸೇನಸಾಬರು. ರೆಪ್ಪೆ ಮುಟ್ಟಿದರೆ ಕಣ್ಣು ಮಿಟುಕಬಾರದು, ಕಣ್ಣಗುಡ್ಡೆ ಮುಟ್ಟಿದರೆ ತುಸುವಾದರೂ ಮಿಟುಕಬೇಕು; ನಿದ್ದೆಯ ಅಳತೆ ಅಷ್ಟೇ. ಗರಗಸ ಹಾಕುವಷ್ಟರಲ್ಲಿ ಎತ್ತು ಕಾಲು ಝಾಡಿಸಿತು. ಸಾಬರು ಔಷಧಕ್ಕೆ ನೀರು ಬೆರೆಸಿರಬಹುದೆಂದು ನನಗೆ ಗುಮಾನಿ ಬಂತು. ಇನ್ನೂ ಹಾಕಿ ಎಂದೆ.

“ಸಾಕಾಗೇದ್ರಿ ಸಾಹೇಬ್ರ.”

“ಹಾಕಿ ಅಂದೆನಲ್ಲ!”

ಅವರು ಹಾಕಿದರು. ನಾನು ಕೊಂಬಿನತ್ತ ಬಗ್ಗಿದೆ.

“ಉಸರು ಬರವಲ್ದರಿ!” ಗೌರವ್ವ ಕಿರುಚಿದಳು. “ತಗೀರಿ ಅದನ್ನ!”

ಹೆಂಗಸಿನ ಗಾಬರಿ ಎಂದುಕೊಂಡು ಇನ್ನೆರಡು ಸಲ ಗರಗಸ ಎಳೆದೆ. ಆಮೇಲೆ ಕಣ್ಣಗುಡ್ಡೆ ಮುಟ್ಟಿದೆ. ಅಲುಗಲಿಲ್ಲ. ಚೀಲ ಕಿತ್ತೆಸೆದು ನಾಲಗೆಯನ್ನು ಹೊರಗೆಳೆದೆ. ಸಾಬರೂ ನಾನೂ ಪಕ್ಕೆಲುಬನ್ನು ಒತ್ತಿ ಬಿಟ್ಟೆವು, ಒತ್ತಿ ಬಿಟ್ಟೆವು. ನನ್ನ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

“ಬಂತು,” ಎಂದಳು ಗೌರವ್ವ. ಅವಳ ಅಂಗೈ ಎತ್ತಿನ ಮೂಗಿನ ಹತ್ತಿರವೇ ಇತ್ತು.

ಕೊಂಬು ತೆಗೆದು ಮುಗಿಸಿದೆ. ಸಂಜೆ ಎತ್ತು ಎದ್ದು ನಿಂತಿತು. ತಪ್ಪು ನನ್ನದೆಂದು ಸಾಬರಿಗೆ ಹೇಳಿದೆ. ಅವರು ಸೀಸೆಗೆ ಬಿರಡೆ ಒತ್ತುತ್ತ, “ನಾ ನೀರು ಬೆರಸಂಗಿಲ್ರಿ,” ಎಂದರು. ನಾನು ಬಾಯಿಬಿಟ್ಟು ಹೇಳದಿದ್ದ ಮಾತು ಅವರಿಗೆ ಹೇಗೆ ತಿಳಿಯಿತೋ! ತಿಂಗಳ ಮೇಲೆ ಗೌರವ್ವ ಬಬಲೇಶ್ವರದ ತಮ್ಮನ ಎತ್ತು ಹೊಡೆದುಕೊಂಡು ಬಂದಳು. “ಔಷಧ ನೀವು ಹಾಕ್ರಿ. ಉಸರು ನಾ ನೋಡ್ತೀನಿ.”

ಕಳೆದ ಬೇಸಗೆ ರಜೆಗೆ ಬಂದಾಗ, ಮೈಸೂರಿನ ನಮ್ಮ ನೆರೆಯವರು ಹಸುವಿನ ಗಾಯ ಹೊಲಿಯಲು ಕರೆದದ್ದು ನಿಮಗೆ ಗೊತ್ತು. ಹಗ್ಗ ನನ್ನ ಕೈಗಿತ್ತು ಒಳಗೆ ಹೊರಟರು. “ಎಲ್ಲಿ ಹೋಗ್ತೀರಿ? ಇಲ್ಲೇ ಕೂತು ನೋಡ್ರಿ,” ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. “ನಿಮ್ಮ ಮೇಲೆ ನನಗೇನು ಅನುಮಾನವೇ, ಸ್ವಾಮಿ?” ಎಂದರು. ಅವರು ಬಂದು ಕೂರುವವರೆಗೂ ನಾನು ಸೂಜಿ ಎತ್ತಿಕೊಳ್ಳಲಿಲ್ಲ.