ಆನೆ ಅಜ್ಜಿಯ ನೆಗಡಿ

ನಮ್ಮ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳ ಕೋಣೆ ನೋಡಿಕೊಳ್ಳುವವಳು ಆನೆ ಅಜ್ಜಿ. ನಾನು ಪಕ್ಕದ ಅಡುಗೆಮನೆಯವಳು. ಆಕೆಗೆ ಆ ಹೆಸರು ಮಕ್ಕಳೇ ಇಟ್ಟದ್ದು, ಮೈಕಟ್ಟು ನೋಡಿ ಅಲ್ಲ, ಆಕೆಯ ಬಳಿಯಿದ್ದ ಬಟ್ಟೆಯ ಆನೆ ನೋಡಿ. ಬೆಳಿಗ್ಗೆ ಅಮ್ಮಂದಿರು ಬಿಟ್ಟು ಹೋದಾಗ ಯಾರು ಹೆಚ್ಚು ರಂಪ ಮಾಡುತ್ತಾರೋ ಅವರ ಮಡಿಲಿಗೆ ಆನೆ. ಸೊಂಡಿಲು ಬಾಯಿಗೆ ಹೋದದ್ದೇ ತಡ, ಅಳು ಗಪ್‌ಚುಪ್. ಈ ಉಪಾಯದ ಬಗ್ಗೆ ಆಕೆಗೆ ಎಲ್ಲಿಲ್ಲದ ಹೆಮ್ಮೆ.

ನೆಗಡಿ ಮಾತ್ರ ಆ ಕೋಣೆಯಲ್ಲಿ ಬಿಡಾರ ಹೂಡಿತ್ತು. ಒಂದು ಮೂಗು ಸೋರಲು ಶುರುವಾದರೆ ವಾರದೊಳಗೆ ಎಲ್ಲರದೂ ಸೋರುತ್ತಿತ್ತು, ಕೊನೆಗೆ ಅಜ್ಜಿಯದೂ. ಆಕೆ ಕಿಟಕಿಯ ಗಾಳಿಯನ್ನು ಬೈಯುತ್ತಿದ್ದಳು, ತಣ್ಣಗಿನ ನೆಲವನ್ನು ಬೈಯುತ್ತಿದ್ದಳು, ಜ್ವರದ ಔಷಧಿ ಕುಡಿಸಿ ಮಕ್ಕಳನ್ನು ತಂದುಬಿಡುವ ಅಪ್ಪಂದಿರನ್ನಂತೂ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಆ ಸಿಟ್ಟಿಗೆ ಕಾರಣವಿತ್ತು. ಆಕೆಯ ಮಗಳು ಬಾಣಂತಿಯಾಗಿ ಮನೆಯಲ್ಲಿದ್ದಳು. ಅಮ್ಮನ ಕೆಮ್ಮು ನಿಲ್ಲುವವರೆಗೆ ಮಗುವನ್ನು ಮುಟ್ಟಕೂಡದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಊರ ಮಕ್ಕಳನ್ನೆಲ್ಲ ಎತ್ತಿ ಆಡಿಸುವವಳಿಗೆ ಸ್ವಂತ ಮೊಮ್ಮಗಳನ್ನು ಎತ್ತಿಕೊಳ್ಳುವ ಭಾಗ್ಯವಿರಲಿಲ್ಲ.

ಒಂದು ದಿನ ಸೊಂಡಿಲಿನ ಹೊಲಿಗೆ ಬಿಚ್ಚಿತು. ಹೊಲಿದು ಕೊಡು ಎಂದು ಆನೆಯನ್ನು ನನ್ನ ಕೈಗಿತ್ತಳು. ಸೊಂಡಿಲು ಹಿಂಡಿದರೆ ನೀರಿಳಿಯುವಷ್ಟು ಒದ್ದೆಯಾಗಿತ್ತು.

"ಇದ್ಯಾರ ಜೊಲ್ಲು ಅಕ್ಕಾ?" ಎಂದೆ.

"ಎಲ್ಲಾರದ್ದೂ," ಎಂದವಳು ಆನೆಯನ್ನು ವಾಪಸು ತೆಗೆದುಕೊಂಡು ಸೊಂಡಿಲು ಹಿಂಡಿ ನೋಡಿದಳು. "ಹುಷಾರಿಲ್ಲದ ಮಗೂನೇ ಜಾಸ್ತಿ ಅಳೋದು. ಅದಕ್ಕೇ ಮೊದ್ಲು ಕೊಡ್ತಿದ್ದೆ, ಆಮೇಲೆ ಉಳಿದೋರಿಗೆ. ನಾನೇ ಕೈಯಾರೆ ಹಂಚಿದ ಹಾಗಾಯ್ತಲ್ಲೇ," ಎಂದಳು.

ಆನೆ ಕಪಾಟು ಹತ್ತಿತು. ಪ್ರತಿ ಮಗುವಿಗೂ ಮನೆಯಿಂದ ಅದರದೇ ಒಂದು ಆಟಿಕೆ ಬಂತು. ಮೂಗು ಒರೆಸಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯುವುದು ಶುರುವಾಯಿತು. ನನ್ನ ಪಾತ್ರೆ ಸೋಪಿಗೂ ಆಕೆ ಕೈ ಹಾಕಿದಾಗ ನಾನು ಗೊಣಗಿದ್ದು ನಿಜ. ಜ್ವರ ಬಂದ ಮಗುವನ್ನು ಅಪ್ಪನ ಜೊತೆಗೇ ವಾಪಸು ಕಳಿಸುತ್ತಿದ್ದಳು. ನೆಗಡಿ ಪೂರ್ತಿ ಹೋಗಲಿಲ್ಲ, ಅದು ಹೋಗುವ ಜಾತಿಯೂ ಅಲ್ಲ. ಆದರೆ ಇಡೀ ಕೋಣೆ ಒಟ್ಟಿಗೆ ಹಾಸಿಗೆ ಹಿಡಿಯುವುದು ತಪ್ಪಿತು. ಅಜ್ಜಿಯ ಕೆಮ್ಮೂ ಕಡಿಮೆಯಾಗುತ್ತಾ ಬಂದು ನಿಂತೇ ಹೋಯಿತು. ಮಗಳು ಮಾತ್ರ ಇನ್ನೂ ನಾಲ್ಕು ದಿನ ನೋಡೋಣ ಎಂದಳಂತೆ.

ಮೊನ್ನೆ ಬೆಳಿಗ್ಗೆ ಅಜ್ಜಿಯ ಫೋನು ಬಂತು. ಈಗ ಸೀನುತ್ತಿರುವುದು ಮಗಳಂತೆ. ಹಾಲು ಕುಡಿಸುವಾಗಷ್ಟೇ ಮಾಸ್ಕ್ ಹಾಕಿಕೊಂಡು ಮಗುವನ್ನು ತೆಗೆದುಕೊಳ್ಳುತ್ತಾಳಂತೆ, ಮಿಕ್ಕ ಹೊತ್ತೆಲ್ಲ ಅಮ್ಮನ ಕೈಗೇ ಕೊಟ್ಟುಬಿಟ್ಟಿದ್ದಾಳಂತೆ.

"ನಾನಿವತ್ತು ಕೆಲ್ಸಕ್ಕೆ ಬರಲ್ಲ ಕಣೇ," ಎಂದು ಪಿಸುಗುಟ್ಟಿದಳು. "ನನ್ನ ತೋಳ ಮೇಲೇ ನಿದ್ದೆ ಹೋಗಿದೆ. ಅಲುಗಾಡೋಕೂ ಮನಸ್ಸಾಗ್ತಿಲ್ಲ."