ಅಲುಗದ ಅರವತ್ತೆರಡು

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಬಾಯ್ಲರಿನ ನೀರು ಅಳೆಯಲು ನಾವು ಮಾಡಿದ್ದ ಡಬ್ಬ ತನ್ನ ಪಾಡಿಗೆ ಬರೆದಿಡುತ್ತಿದ್ದ ದಾಖಲೆಯ ಕೊನೆಯ ಸಾಲಿನಲ್ಲಿದ್ದ ಹೊತ್ತು ಅದು. ಆಮೇಲೆ ಅದು ಏನನ್ನೂ ಬರೆದಿರಲಿಲ್ಲ.

ಮೊನ್ನೆ ಮೇಜಿನ ಖಾನೆ ಬರಿದು ಮಾಡುವಾಗ ಗೇಣುದ್ದದ ಗಾಜಿನ ಕೊಳವೆಯೊಂದು ಉರುಳಿ ಕೈಗೆ ಬಂತು. ಒಳಗೆಲ್ಲ ಸುಣ್ಣಗಟ್ಟಿದ ಬಿಳಿ ಪೊರೆ. ಮೂಗಿಗೆ ಹಿಡಿದೆ. ಬೆಂದ ರೇಷ್ಮೆಗೂಡಿನ ವಾಸನೆ ಇನ್ನೂ ಇದೆ ಅನ್ನಿಸಿತು. ಇರಲಾರದು... ಆದರೂ ಬಾಯ್ಲರ್ ತಾತ ನೆನಪಾದರು.

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಒಂದು ಚಿಕ್ಕ ರೇಷ್ಮೆ ನೂಲು ತೆಗೆಯುವ ಘಟಕ. ಗೂಡು ಬೇಯಿಸುವ ಹಬೆಯೆಲ್ಲ ಹಿಂದಿನ ಸೌದೆ ಬಾಯ್ಲರಿನಿಂದ ಬರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಲ್ಲೂರಿನ ಆ ಮುದುಕರು. ಹೆಸರು ಕೇಳಿದ್ದೆನೋ ಇಲ್ಲವೋ... ನೂಲು ತೆಗೆಯುವ ಹೆಂಗಸರು ಬಾಯ್ಲರ್ ತಾತ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾವು ನಾಲ್ಕು ಜನ ದೊಡ್ಡಬಳ್ಳಾಪುರದಲ್ಲಿ ಸೇರಿಕೊಂಡು, ಬಾಯ್ಲರಿನ ನೀರಿನ ಮಟ್ಟ ಅಳೆದು, ಕಡಿಮೆಯಾದರೆ ಪಂಪು ಓಡಿಸುವ ಡಬ್ಬವೊಂದನ್ನು ಮಾಡಿದ್ದೆವು. ಒಳಗೆ ಅಂಗೈಗಿಂತ ಚಿಕ್ಕ ಬೋರ್ಡು, ಅದರಲ್ಲಿ ನಾವೇ ಬೇಡದ್ದನ್ನೆಲ್ಲ ತೆಗೆದು ಕಿರಿದು ಮಾಡಿದ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ. ಮೊದಲ ಡಬ್ಬ ಕೂತದ್ದು ತಾತನ ಬಾಯ್ಲರಿಗೆ.

ತಾತನದೊಂದು ಅಭ್ಯಾಸವಿತ್ತು. ಬಾಯ್ಲರಿನ ಮೈಗೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರುತ್ತದೆ. ಗಂಟೆಗೊಮ್ಮೆ ಅದರ ಕೆಳಗಿನ ನಲ್ಲಿ ತಿರುವಿ, ಇದ್ದ ನೀರನ್ನೆಲ್ಲ ಹರಿಯಬಿಟ್ಟು, ಮತ್ತೆ ಏರಿ ಬರುತ್ತದೆಯೇ ಎಂದು ನೋಡುತ್ತಿದ್ದರು. ಕಣ್ಣಿಗೆ ಕಾಣುವ ನೀರನ್ನು ಚೆಲ್ಲಿ ಯಾಕೆ ನೋಡಬೇಕು ಎಂದು ಕೇಳಿದ್ದೆ. ಕೊಳವೆ ಕಟ್ಟಿಕೊಂಡರೆ ಹಳೇ ನೀರೇ ನಿಂತಿರುತ್ತದೆ, ಬಾಯ್ಲರ್ ಬರಿದಾದರೂ ತುಂಬಿದ ಹಾಗೇ ಕಾಣುತ್ತದೆ ಎಂದಿದ್ದರು. ನಾನು ನಕ್ಕು, ಇನ್ನು ಅದೆಲ್ಲ ಬೇಡ ತಾತ, ಡಬ್ಬ ನೋಡಿಕೊಳ್ಳುತ್ತದೆ ಎಂದೆ. ಆ ಮಾತು ಆಡಿದವಳು ನಾನೇ...

ಆ ದಿನ ನನ್ನ ಮಾತಿಗೆ ಬೆಲೆ ಕೊಟ್ಟು ಅವರು ನಲ್ಲಿ ಮುಟ್ಟಿರಲಿಲ್ಲ. ಹನ್ನೊಂದರ ಹತ್ತಿರ ನಾನು ಘಟಕದ ಅಂಗಳದಲ್ಲಿ ಟೀ ಕುಡಿಯುತ್ತಿದ್ದಾಗ ಕರೆದರು.

"ಏನಮ್ಮ, ನಿನ್ ಡಬ್ಬ ಆವಾಗ್ಲಿಂದ ಅರವತ್ತೆರಡು ಅಂತಾನೇ ಕೂತೈತೆ. ಕುದಿಯೋ ನೀರು ಇಷ್ಟೊತ್ತು ಅಲುಗ್ದೆ ಇರ್ತದಾ?"

ನೀರಿನ ಮಟ್ಟ ನೂರಕ್ಕೆ ಎಷ್ಟೆಂದು ತೋರಿಸುವ, ಅರವತ್ತೊಂದು, ಅರವತ್ತಮೂರು ಎಂದು ಆಡುತ್ತಲೇ ಇರಬೇಕಾದ ಅಂಕಿ ಅದು. ತಾತ ನಲ್ಲಿ ತಿರುವಿದರು. ಕೊಳವೆಯಲ್ಲಿ ನಿಂತಿದ್ದ ಹಳೇ ನೀರು ಹರಿದುಹೋಗಿ, ಆಮೇಲೆ ಬುಸ್ಸೆಂದು ಹಬೆ ಮಾತ್ರ ಬಂತು. ಪ್ರೋಗ್ರಾಂ ಹತ್ತೂ ಹದಿನೇಳಕ್ಕೇ ಎಲ್ಲೋ ಸಿಕ್ಕಿಕೊಂಡು ನಿಂತಿತ್ತು, ಪಂಪು ಓಡಿರಲಿಲ್ಲ, ಕೆಳಗೆ ಸೌದೆ ಉರಿಯುತ್ತಲೇ ಇತ್ತು. ಗೋಡೆಯಾಚೆ ಎಂಟು ಜನ ಹೆಂಗಸರು.

ಕಂಪ್ಯೂಟರ್ ಓದಿದವರ ಕೈ ಮೊದಲು ಹೋಗುವುದು ರೀಸೆಟ್ ಗುಂಡಿಗೆ. ನನ್ನದೂ ಹೋಯಿತು. ತಾತ ಮಣಿಕಟ್ಟು ಹಿಡಿದುಬಿಟ್ಟರು.

"ಮುಟ್ಬೇಡ. ಅದು ಎದ್ದೇಟ್ಗೇ ನೀರ್ ಬಿಡ್ತದೆ. ಕೆಂಪಗೆ ಕಾದಿರೋ ತಗಡಿಗೆ ತಣ್ಣೀರ್ ಬಿದ್ರೆ ನೀನೂ ಇರಲ್ಲ, ನಾನೂ ಇರಲ್ಲ."

ಗಾಬರಿ ಮಾಡದೆ ಹೆಂಗಸರನ್ನು ರಸ್ತೆಗೆ ಕಳಿಸು ಎಂದರು. ಕಳಿಸಿ ಬಂದಾಗ ಅವರು ಆ ಬಾಯ್ಲರಿನ ಎದುರೇ ನಿಂತು, ಸಲಾಕೆಯಿಂದ ಉರಿಯುವ ಸೌದೆಯನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದರು. ತಿರುಗಿ ನೋಡದೆ, ನೀನೂ ಹೋಗು ಎಂದರು. ಹೋದೆ. ಅದನ್ನು ಇವತ್ತಿಗೂ ಯೋಚಿಸುತ್ತೇನೆ... ಹೋದೆ. ರಸ್ತೆಯಾಚೆಯ ಹೊಂಗೆಮರದ ಕೆಳಗೆ ಒಬ್ಬಾಕೆ, "ದಿನಾ ಹಬೇಲಿ ಬೇಯ್ತೀವಿ, ಇವತ್ತು ಗಾಳೀಗಾದ್ರೂ ನಿಂತ್ವಿ ಬಿಡು" ಎಂದಳು. ಯಾರೂ ನಗಲಿಲ್ಲ. ತಾತ ಮೈಯೆಲ್ಲ ಬೂದಿ ಮಾಡಿಕೊಂಡು ಹೊರಗೆ ಬಂದ ಮೇಲೆ ಎಲ್ಲರೂ ನಕ್ಕರು.

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ನನ್ನ ಬೆರಳು, ಆ ಗುಂಡಿ.

ನಮ್ಮ ಬೋರ್ಡಿನ ಚಿಪ್ಪಿನೊಳಗೆ ವಾಚ್‌ಡಾಗ್ ಎಂಬ ಪುಟ್ಟ ಗಡಿಯಾರವಿತ್ತು. ಪ್ರೋಗ್ರಾಂ ಆಗಾಗ ಅದಕ್ಕೆ 'ಇದ್ದೇನೆ' ಎಂದು ತಿಳಿಸುತ್ತಿರಬೇಕು. ಮೂವತ್ತು ಸೆಕೆಂಡು ಸುದ್ದಿಯಿಲ್ಲದಿದ್ದರೆ ಅದು ಬೋರ್ಡನ್ನೇ ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ಅದನ್ನು ಮಾತಾಡಿಸುವ, ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ನಮ್ಮ ಲಿನಕ್ಸಿನಲ್ಲಿರಲಿಲ್ಲ. ಕೂತು ಬರೆದೆ. ಕೆಲಸ ಮಾಡಿತು. ಹೆಮ್ಮೆಯಿಂದ ತಾತನಿಗೆ ತೋರಿಸಲು ಒಯ್ದೆ. ಪ್ರೋಗ್ರಾಂ ನಿಂತುಹೋಗುವಂತೆ ಮಾಡಿದೆ, ಬೋರ್ಡು ತಾನಾಗಿಯೇ ಎದ್ದಿತು. ಎದ್ದ ಮೇಲೆ ಏನು ಮಾಡುತ್ತದೆ ಎಂದು ತಾತ ಕೇಳಿದರು. ನೀರು ಕಡಿಮೆಯಿದ್ದರೆ ಪಂಪು ಓಡಿಸುತ್ತದೆ ಎನ್ನುತ್ತಲೇ ಆ ರೀಸೆಟ್ ಗುಂಡಿ ನೆನಪಾಯಿತು.

"ಅವತ್ತು ನಿನ್ ಕೈ ನಾನ್ ಹಿಡ್ಕೊಂಡೆ ಕಣಮ್ಮ. ಇದರ ಕೈ ಯಾರು ಹಿಡ್ಕೋತಾರೆ?"

ಬೈಗುಳವಲ್ಲ ಅದು, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನನಗೂ ತಿಳಿಯಬೇಕಿತ್ತು. ಚಿಪ್ಪಿನ ಕೈಪಿಡಿಯನ್ನು ಮೊದಲಿನಿಂದ ಓದಿದೆ. ಅವಸರದಲ್ಲಿ ಬಿಟ್ಟಿದ್ದ ಪುಟದಲ್ಲಿ ಒಂದು ಸಂಗತಿ ಸಿಕ್ಕಿತು: ಬೋರ್ಡು ಎದ್ದಾಗ, ಕರೆಂಟು ಬಂದು ಎದ್ದಿತೋ ವಾಚ್‌ಡಾಗ್ ಎಬ್ಬಿಸಿತೋ ಎಂಬ ಗುರುತನ್ನು ಚಿಪ್ಪು ಇಟ್ಟುಕೊಂಡಿರುತ್ತದೆ. ಬಿದ್ದದ್ದು ಅದಕ್ಕೆ ನೆನಪಿರುತ್ತದೆ! ನಾನು ಕೇಳಿರಲಿಲ್ಲ, ಅಷ್ಟೆ. ಡ್ರೈವರು ಆ ಗುರುತನ್ನು ಓದುವಂತೆ ತಿದ್ದಿದೆ. ವಾಚ್‌ಡಾಗ್ ಎಬ್ಬಿಸಿದ್ದಾದರೆ ಪ್ರೋಗ್ರಾಂ ಪಂಪು ಮುಟ್ಟಕೂಡದು. ಮನುಷ್ಯರು ಬರುವವರೆಗೆ ಗಂಟೆ ಬಾರಿಸುತ್ತಿರಬೇಕು. 'ಇದ್ದೇನೆ' ಎನ್ನುವುದೂ ನೀರನ್ನು ಹೊಸದಾಗಿ ಅಳೆದ ಮೇಲೆಯೇ.

ಬಾಯ್ಲರ್ ತಣ್ಣಗಿದ್ದ ಒಂದು ಸೋಮವಾರ ಮತ್ತೆ ಪರೀಕ್ಷೆ ಮಾಡಿದೆವು. ಗಂಟೆ ಬಾರಿಸಿತು, ಪಂಪು ಸುಮ್ಮನಿತ್ತು. ತಾತ ಕಿವಿಗೊಟ್ಟು ಕೇಳಿದರು. ಆಮೇಲೆ ಯಾವುದಕ್ಕೂ ಇರಲಿ ಎಂಬಂತೆ ನಲ್ಲಿ ತಿರುವಿ, ನೀರು ಹರಿಯಬಿಟ್ಟು, ಏರಿ ಬರುವುದನ್ನು ನೋಡಿದರು. ಸುಣ್ಣಗಟ್ಟಿದ ಆ ಕೊಳವೆಯನ್ನು ಅವತ್ತೇ ಬದಲಾಯಿಸಿ, ಹಳೆಯದನ್ನು ನನ್ನ ಕೈಗಿಟ್ಟರು. "ಇಟ್ಕೋ. ನಿನ್ ಡಬ್ಬದ ಅಜ್ಜಿ ಇದು."

ತಾತ ಈಗಿಲ್ಲ. ಹೋದ ಸುದ್ದಿ ನನಗೆ ತಿಳಿದದ್ದೂ ತಡವಾಗಿ, ಬಾಯ್ಲರಿನ ಮುಂದೆ ಬೇರೊಬ್ಬರು ನಿಂತಿದ್ದಾಗ. ಅವರಿಗೆ ನಲ್ಲಿ ತಿರುವಿ ನೋಡುವುದನ್ನು ತೋರಿಸಿಕೊಟ್ಟವಳು ನಾನು. ಆ ಡ್ರೈವರ್ ನಮ್ಮ ಎಲ್ಲ ಡಬ್ಬಗಳಲ್ಲೂ ಇದೆ. ತಾತನನ್ನು ಕೇಳದೇ ಉಳಿದದ್ದು ಇನ್ನೂ ಎಷ್ಟೋ... ಆ ಉರಿಯ ಮುಂದೆ ಅವರಿಗೆ ಭಯವಾಗಿತ್ತೇ ಎಂಬುದನ್ನೂ ಕೇಳಲಿಲ್ಲ.

ಆ ಸೋಮವಾರ ಕೊಳವೆಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದವಳು ಮಲಗಿದರೆ, ಎಚ್ಚರವಾದಾಗ ಬೆಳಕು ಹರಿದಿತ್ತು. ಮುಂದಿನ ಸಲ ಹೋದಾಗ ತಾತನಿಗೆ ಹೇಳಬೇಕು ಅಂದುಕೊಂಡೆ. ಹೋದಾಗಲೆಲ್ಲ ಬೇರೆ ಮಾತು ಬಂತು. ನನಗೆ ಅಷ್ಟು ದಿನ ನಿದ್ದೆಯಿರಲಿಲ್ಲ ಎಂಬುದೂ ಅವರಿಗೆ ಗೊತ್ತಾಗಲಿಲ್ಲ, ಆ ರಾತ್ರಿ ನಿದ್ದೆ ಬಂತು ಎಂಬುದೂ.